ಸ್ಟೇಷನ್ನನ್ನು ಹೊಳೆಗೆ ಹಾಕಿದ ಗುತ್ತೆಪ್ಪ

ಆವರಗೆರೆಯ ಗುತ್ತೆಪ್ಪನ ಕಣ್ಣಿಗೆ ಬಟ್ಟೆ ಕಟ್ಟಿ, ಗೋಣಿಚೀಲದಲ್ಲಿ ತುಂಬಿ, ಬಾವಿಯ ತಳಕ್ಕೆ ಇಳಿಸಿ ಗಿರಗಿರ ತಿರುಗಿಸಿದರೂ ಉತ್ತರ ಯಾವ ಕಡೆ ಎಂದು ಹೇಳಿಬಿಡುತ್ತಿದ್ದ. ಹಾಗಂತ ಅವನೇ ಹೇಳುತ್ತಿದ್ದ. ಅವರ ಮನೆಯಲ್ಲಿ ಎಡ ಬಲ ಎಂಬ ಮಾತೇ ಇರಲಿಲ್ಲ. ತಾಯಿ ಗಿರಿಯಮ್ಮ ತೊಟ್ಟಿಲ ಕೂಸಿಗೂ "ಒಂಚೂರು ಮೂಡಲಕ್ಕೆ ಹೊಳ್ಳಪ್ಪ" ಎನ್ನುತ್ತಿದ್ದಳು. ಅಂಥವನು ಕಾಲೇಜಿನಲ್ಲಿ ಭೂಗೋಳ ಹಿಡಿದದ್ದು ಮೀನು ಈಜಿನ ಕ್ಲಾಸಿಗೆ ಸೇರಿದಂತಾಯಿತು.

ಐವತ್ತರ ದಶಕದ ಕೊನೆ. ದಾವಣಗೆರೆಯ ವರ್ತಕರು, ರೈತರು ಕೈಲಾದದ್ದು ಕೊಟ್ಟು ಕಟ್ಟಿಸಿದ ಕಾಲೇಜು. ಇದ್ದದ್ದು ಒಂದೇ ಗ್ಲೋಬು. ಹುಡುಗರು ತಿರುಗಿಸಿ ತಿರುಗಿಸಿ ಆಫ್ರಿಕಾ ಸವೆದು ಲಂಕೆಯಷ್ಟಾಗಿತ್ತು.

ಕೊನೆಯ ಪರೀಕ್ಷೆಗೆ ಹರಿಹರದ ಹೊಳೆದಂಡೆಯ ನಕ್ಷೆ ಬರೆಯಬೇಕಿತ್ತು. ಅಪ್ಪ ಅಂಜಿನಪ್ಪ ಮೊದಲೇ ಹೇಳಿದ್ದ: "ಪಾಸಾದ್ರೆ ಮೇಷ್ಟ್ರಾಗು. ಫೇಲಾದ್ರೆ ಸೋಮವಾರದಿಂದ ಹತ್ತಿ ಮಿಲ್ಲು. ಮಾತಾಡಿ ಬಂದೀನಿ."

ಮೂರು ಕಾಲಿನ ಹಲಗೆ ನಿಲ್ಲಿಸಿ, ದಿಕ್ಸೂಚಿಯ ಮುಳ್ಳಿಗೆ ಸರಿಯಾಗಿ ಅದನ್ನು ತಿರುಗಿಸಿ, ಕಂಡದ್ದರ ಕಡೆಗೆಲ್ಲ ಎರಡು ಜಾಗದಿಂದ ಗೆರೆ ಎಳೆದು, ಗೆರೆಗಳು ಕೂಡಿದಲ್ಲಿ ಅದನ್ನು ಗುರುತಿಸುವ ಕೆಲಸ. ಮೊದಲ ಜಾಗದಲ್ಲಿ ಚೆನ್ನಾಗಿಯೇ ಆಯಿತು. ಎರಡನೆಯ ಜಾಗದಲ್ಲಿ ಗಾಳಿಯೆಂದರೆ ಎಮ್ಮೆಯ ಕೊಂಬು ನೆಟ್ಟಗಾಗುವಂಥ ಗಾಳಿ. ಹಾಳೆ ಹಾರದಿರಲೆಂದು ಗುತ್ತೆಪ್ಪ ತನ್ನ ಬುತ್ತಿಯ ಗಂಟನ್ನು ಹಲಗೆಯ ಮೇಲಿಟ್ಟ. ಸೂರ್ಯ ನೆತ್ತಿಯ ಮೇಲಿದ್ದ, ಅವನಿಂದಲೂ ದಿಕ್ಕಿನ ಸುಳಿವಿಲ್ಲ.

ಲೆಕ್ಚರರ್ ವಾಮದೇವಪ್ಪನವರು ನಕ್ಷೆ ನೋಡಿ ಕನ್ನಡಕ ಒರೆಸಿಕೊಂಡರು.

"ಏನಪ್ಪಾ, ರೈಲ್ವೆ ಸ್ಟೇಷನ್ನು ನಡು ಹೊಳ್ಯಾಗೈತೆ? ಟಿಕೇಟು ಯಾರು ಕೊಡ್ತಾರೆ, ಮೊಸಳೆನಾ?"

"ಮುಳ್ಳು ತೋರ್ಸಿದಂಗೇ ಬರ್ದೀನ್ರಿ..."

"ಬಾವ್ಯಾಗೂ ಉತ್ತರ ಗೊತ್ತಾಗ್ತೈತೆ ಅಂತಿದ್ದಲ್ಲೋ?"

ಗುತ್ತೆಪ್ಪನ ಕಿವಿಯಲ್ಲಿ ಆಗಲೇ ಮಿಲ್ಲಿನ ಸೈರನ್ನು ಕೂಗತೊಡಗಿತ್ತು. ವಾಮದೇವಪ್ಪನವರು ಸೊನ್ನೆ ಹಾಕಿ ಮುಂದಿನವನ ಬಳಿ ಹೋಗಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅವರು ಬಗ್ಗಿ ಮುಳ್ಳನ್ನು ನೋಡಿದರು. ಅದು ಹಸಿದ ಅಳಿಯನಂತೆ ಬುತ್ತಿಯನ್ನೇ ದಿಟ್ಟಿಸುತ್ತಿತ್ತು. ಗಂಟು ಬಿಚ್ಚಿದರೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ನಡುವೆ ಎತ್ತಿನ ಗಾಡಿಯ ಗಾಲಿ ಕಳಚದಂತೆ ತಡೆಯುವ ಕಬ್ಬಿಣದ ಕಡಾಣಿ!

ಊರ ಗಡಿ ದಾಟುವ ಬುತ್ತಿಗೆ ದೆವ್ವದ ಗಾಳಿ ಸೋಂಕದಿರಲೆಂದು ಒಂದು ಕಬ್ಬಿಣದ ಮೊಳೆ ಇಡುವುದು ವಾಡಿಕೆ. ಹೋಗುವುದು ಹೊಳೆದಂಡೆಗೆ, ಅದೂ ಪರೀಕ್ಷೆಗೆ; ಮೊಳೆ ಸಾಲದೆಂದು ಗಿರಿಯಮ್ಮ ಗಾಲಿಯ ಕಡಾಣಿಯನ್ನೇ ಕಿತ್ತು ಕಟ್ಟಿದ್ದಳು.

"ಗಾಡಿನೇ ಕಟ್ಟಿ ಕಳಸ್ಲಿಲ್ಲ, ಪುಣ್ಯ. ಹೊತ್ತು ಇನ್ನೂ ಐತೆ, ಹೊಸ ಹಾಳೆ ತಗೊಂಡು ಮತ್ತೆ ಬರಿ" ಎಂದು ವಾಮದೇವಪ್ಪನವರು ಗಂಟಿನ ಸಮೇತ ಬೇವಿನ ಮರದಡಿ ಹೋಗಿ ಕೂತರು.

ಹೊತ್ತು ಇಳಿಯುವಷ್ಟರಲ್ಲಿ ಸ್ಟೇಷನ್ನು ದಡ ಸೇರಿತ್ತು. ಗುತ್ತೆಪ್ಪ ಪಾಸಾದ; ಮುಂದೆ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಮನೆ ಮಾಡಿ ವರ್ಷಗಟ್ಟಲೆ ಮಕ್ಕಳಿಗೆ ಭೂಗೋಳ ಕಲಿಸಿದ. ಆ ಹೊಸ ಹಾಳೆಯನ್ನು ನೆನೆದಾಗಲೆಲ್ಲ ಇದ್ದಲ್ಲಿಂದಲೇ ಕೈ ಮುಗಿಯುತ್ತಿದ್ದ.

ಅಂದು ವಾಪಸಾಗುವ ರೈಲಿನಲ್ಲಿ ಕಾಲಿಗೆ ಬಿದ್ದವನನ್ನು ಎಬ್ಬಿಸಿ ವಾಮದೇವಪ್ಪನವರು ಕೇಳಿದ್ದರು: "ನಾಳೆ ನೀನೂ ಮೇಷ್ಟ್ರಾಗ್ತೀಯ. ನಿನ್ನ ಹುಡುಗ ಇಂಥ ನಕ್ಷೆ ತಂದ್ರೆ ಏನು ಮಾಡ್ತೀಯಪ್ಪಾ?"

"ನೀವು ಮಾಡಿದಂಗೇರಿ. ಬೈಯೋಕೆ ಮುಂಚೆ ಬುತ್ತಿ ಬಿಚ್ಚಿ ನೋಡ್ತೀನಿ. ಆದ್ರೆ ಒಂದು ರೊಟ್ಟಿನಾದ್ರೂ ಹುಡುಗನಿಗೆ ಉಳಸ್ತೀನ್ರಿ."