ಬಾರದ ಸೋಮವಾರ

ಕೀಲಿ ಅಕ್ಕನ ಅಜ್ಜ ಗಾರೆ ಕೆಲಸದವನು. ಪೇಟೆಯ ನಡುವಿನ ಸರ್ಕಾರಿ ಹೈಸ್ಕೂಲಿನ ಹದಿನಾರು ಕೋಣೆಗಳಿಗೆ ಸುಣ್ಣ ಅರೆದು ಮೆತ್ತಿದವನು. ಕೆಲಸ ಮುಗಿದ ದಿನ ಇಂಜಿನಿಯರು ಗೋಡೆಗೆ ಬೆನ್ನು ಒರಗಿಸಿ, ತನ್ನ ಕೋಟಿಗೆ ಸುಣ್ಣದ ಬಿಳಿ ಹತ್ತದಿದ್ದುದನ್ನು ಕಂಡು ತಲೆದೂಗಿದನಂತೆ. ಅಕ್ಕನ ತಾಯಿ ಅದೇ ಕೋಣೆಗಳನ್ನು ಮೂವತ್ತೊಂದು ವರ್ಷ ಗುಡಿಸಿದವಳು. ಮೇಷ್ಟ್ರು ಬೆತ್ತ ಎತ್ತಿದರೆ ಪೊರಕೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ ಗಟ್ಟಿಗಿತ್ತಿ. ಮಗಳು ಅಲ್ಲೇ ಅಟೆಂಡರಾಗಿ ಸೊಂಟಕ್ಕೆ ಕೀಲಿ ಗೊಂಚಲು ಸಿಕ್ಕಿಸಿ ಎಲ್ಲರಿಗೂ ಕೀಲಿ ಅಕ್ಕನಾದಳು.

ಒಂದು ಕಾಲಕ್ಕೆ ಅಲ್ಲಿ ಮಕ್ಕಳು ಕಿಕ್ಕಿರಿದು, ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಆಮೇಲೆ ಮನೆಬಾಗಿಲಿಗೆ ಬಸ್ಸು ಕಳಿಸುವ ಖಾಸಗಿ ಶಾಲೆಗಳು ಬಂದವು, ಸುತ್ತಲ ಮನೆಗಳು ಗೋದಾಮುಗಳಾದವು. ಕೊನೆಯ ವರ್ಷ ಹನ್ನೊಂದೇ ಮಕ್ಕಳು, ಐವರು ಮೇಷ್ಟ್ರು. ಮುಚ್ಚುವ ಆದೇಶ ಬಂದ ಶನಿವಾರ ಹೆಡ್‌ಮಾಸ್ಟರು, ಸೋಮವಾರ ಯಾರಾದರೂ ಬಂದು ವಹಿಸಿಕೊಳ್ಳುತ್ತಾರೆ, ಅಲ್ಲಿತನಕ ನೀನೊಂದು ಸಹಿ ಹಾಕಮ್ಮ ಎಂದರು. ತನ್ನ ದುಂಡು ಅಕ್ಷರದ ಬಗ್ಗೆ ಅಕ್ಕನಿಗೆ ತುಸು ಜಂಬ. ದಾಖಲಾತಿ ರಿಜಿಸ್ಟರುಗಳಿಂದ ಮುರಿದ ಗ್ಲೋಬಿನವರೆಗೆ ಎಲ್ಲವೂ ತನ್ನ ವಶದಲ್ಲಿದೆ ಎನ್ನುವ ಚಾರ್ಜು ಪಟ್ಟಿಗೆ ಚೆಂದಾಗಿ ಸಹಿ ಹಾಕಿಬಿಟ್ಟಳು.

ಆ ಸೋಮವಾರ ಬರಲೇ ಇಲ್ಲ. ಆರು ವರ್ಷವಾಯಿತು. ಇಲ್ಲದ ಶಾಲೆಯ ಚಾರ್ಜು ತೆಗೆದುಕೊಳ್ಳಲು ಯಾರಿಗೂ ಅಧಿಕಾರವಿಲ್ಲ. ಚಾರ್ಜು ಒಪ್ಪಿಸದೆ, ನಿವೃತ್ತಿಯ ವಯಸ್ಸು ಮೀರಿದರೂ ಅವಳಿಗೆ ಬಿಡುಗಡೆಯಿಲ್ಲ. ಒಂದು ದಿನ ಬಿಟ್ಟು ಹೋದರೂ ಗುಜರಿಯವರು ಬಾಗಿಲು ಮುರಿದಾರು. ತಂಗಿಯ ಮಗಳ ಮದುವೆಗೂ ಹೋಗಲಾಗಲಿಲ್ಲ. ಅಂದಿನಿಂದ ತಂಗಿ ಕರೆಯುವುದನ್ನೇ ಬಿಟ್ಟಳು. ಶಾಲೆಯ ಮೆಟ್ಟಿಲ ಕೆಳಗೇ ಅವಳ ವಾಸ: ಒಂದು ಸ್ಟೌ, ಒಂದು ಚಾಪೆ. ಮೊನ್ನೆ ಮೊನ್ನೆ ಹಿಂದೆ ಇಲ್ಲೇ ಓದಿದ್ದ ಮುದಿ ಅಡುಗೆಯವಳೊಬ್ಬಳು ಪಿಂಚಣಿಗೆಂದು ತಾನು ಹುಟ್ಟಿದ ತಾರೀಕು ಹುಡುಕಿಕೊಂಡು ಬಂದಿದ್ದಳು. ಮತ್ತೆಲ್ಲೂ ಇಲ್ಲದ ಅದು ಇಲ್ಲಿನ ರಿಜಿಸ್ಟರಿನಲ್ಲಿ ಸಿಕ್ಕಿತು.

ಅದೇ ವಾರ ಶಿಕ್ಷಣ ಕಚೇರಿಯ ಗುಮಾಸ್ತ ಬಂದ. ಇದೇ ಶಾಲೆಯ ಹಳೇ ವಿದ್ಯಾರ್ಥಿ, ಅಕ್ಕನ ಕಷ್ಟ ಕಂಡು ಮರುಗಿದವನು. ರಿಜಿಸ್ಟರುಗಳನ್ನೆಲ್ಲ ಗೆದ್ದಲು ತಿಂದಿದೆ, ಒಪ್ಪಿಸಲು ಏನೂ ಉಳಿದಿಲ್ಲ ಎಂದು ತಾನೇ ಕಾಗದ ಬರೆದು ತಂದಿದ್ದ. ಅವಳು ಸಹಿ ಹಾಕಿದರೆ ನಾಳೆಯೇ ಬಿಡುಗಡೆ.

ಅಕ್ಕ ಎರಡು ಸಲ ಓದಿದಳು. ತಂಗಿಯ ಮನೆ ಕಣ್ಣಿಗೆ ಕಟ್ಟಿತು. ಪೆನ್ನಿನ ಮುಚ್ಚಳ ತೆಗೆದಳು.

"ಆಮೇಲೆ ಈ ರಿಜಿಸ್ಟರುಗಳು?" ಎಂದಳು.

"ಗುಜರಿಗೆ ಹೋಗ್ತವೆ ಅಕ್ಕ. ಕಾಗದದಲ್ಲೇ ಇಲ್ಲದ್ದು ಬೀರುನಲ್ಲಿ ಇದ್ದು ಏನ್ಮಾಡುತ್ತೆ?"

ಅವಳು ಮುಚ್ಚಳ ಹಾಕಿ ಕಾಗದವನ್ನು ಅವನ ಕಡೆ ಸರಿಸಿದಳು.

"ನನ್ನ ಒಳ್ಳೇದಕ್ಕೇ ಬಂದಿದ್ದೀಯ ತಮ್ಮ, ಗೊತ್ತು. ಗಣಿತದಲ್ಲಿ ಮೂರು ಸಲ ಡುಮ್ಕಿ ಹೊಡೆದೋನು, ಇವತ್ತು ಲೆಕ್ಕ ಸರಿಯಾಗೇ ಹಾಕಿದ್ದೀಯ. ಆದ್ರೆ ಗೆದ್ದಲು ತಿಂದಿಲ್ಲ. ತಿಂದಿದೆ ಅಂತ ನಾನು ಸಹಿ ಹಾಕಲ್ಲ. ಎಣಿಸಿ ತಗೊಳ್ಳೋರು ಸಿಕ್ಕಿದ್ರೆ ಕಳಿಸು. ಇಲ್ಲಾಂದ್ರೆ ಈ ಉಪಕಾರ ನಂಗೆ ಬೇಡಪ್ಪ."