ಬಿಸಿ ತಿಳಿಯದ ಬೆರಳು

ಮಾಂಬಳ್ಳಿಯ ಚಿಕ್ಕನಿಂಗಮ್ಮನ ಕೈ ಬಿಸಿಗೆ ಹೆದರುವುದಿಲ್ಲ ಎಂದು ಬೀದಿಯಲ್ಲೆಲ್ಲ ಹೆಸರು. ಒಲೆಯ ಮೇಲಿನ ತಪ್ಪಲೆಯನ್ನು ಬರಿಗೈಯಲ್ಲೇ ಇಳಿಸುತ್ತಿದ್ದಳು. ಯಾರಾದರೂ ಬೆರಗಾದರೆ, "ರೇಷ್ಮೆ ಕಾರ್ಖಾನೆ ಕೈ ಕಣ್ರವ್ವ ಇದು," ಎಂದು ಜಂಬಪಡುತ್ತಿದ್ದಳು.

ಅವಳು ಸೇರಿದ ಕಾಲಕ್ಕೆ ಕಾರ್ಖಾನೆಯ ಸೈರನ್ ಕೂಗಿದರೇ ಊರಿಗೆ ಬೆಳಗು. ಸಾಲಾಗಿ ಕೂತ ಹೆಂಗಸರು ಕುದಿನೀರಲ್ಲಿ ತೇಲುವ ರೇಷ್ಮೆಗೂಡುಗಳಿಂದ ಎಳೆ ಹಿಡಿದು ರಾಟೆಗೆ ಕೊಡಬೇಕು. ಎಳೆ ತಪ್ಪಿದರೆ ಬೆರಳು ಅದ್ದಲೇಬೇಕು. ಸತ್ತ ಹುಳುವಿನ ವಾಸನೆ ಸೀರೆ ಬಿಟ್ಟು ಹೋಗುತ್ತಿರಲಿಲ್ಲ. ಗಂಡ ಸತ್ತ ಮೇಲೆ ಆ ವಾಸನೆಯಲ್ಲೇ ಮಗಳು ಪದ್ಮಿನಿಯನ್ನು ಬೆಳೆಸಿದಳು. ಅವಳು ತೆಗೆದ ನೂಲು ಯಾರ್ಯಾರದೋ ಧಾರೆ ಸೀರೆಯಾಯಿತು, ಸ್ವಂತ ಮಗಳ ಧಾರೆಗೆ ಬಂದದ್ದು ನೈಲಾನು. ಕೈ ಕೆಸರಾದರೆ ಬಾಯಿ ಮೊಸರಂತೆ. ಕೈ ಬೆಂದರೆ ಏನೆಂದು ಗಾದೆ ಕಟ್ಟಿದ ಪುಣ್ಯಾತ್ಮರು ಹೇಳಲಿಲ್ಲ. ಕೊನೆಗೆ ಗೂಡು ಬರುವುದು ಕಡಿಮೆಯಾಗಿ ಕಾರ್ಖಾನೆಗೆ ಬೀಗ ಬಿತ್ತು.

ಈಗ ಬೀಗ ತೆಗೆದು ಮತ್ತೆ ಹೆಂಗಸರನ್ನು ಕರೆಯುತ್ತಿದ್ದಾರೆ. ಬಾಣಂತನಕ್ಕೆ ತವರಿಗೆ ಬಂದಿರುವ ಪದ್ಮಿನಿಯೂ ಹೆಸರು ಕೊಟ್ಟಿದ್ದಾಳೆ. "ನನ್ ಜಾಗ ನಿಂಗೇ ಬಂತು," ಎಂದು ತಾಯಿ ಹಿಗ್ಗಿದ್ದಳು.

ಹೆಸರು ಕೊಟ್ಟ ಮರುದಿನ ಬೆಳಿಗ್ಗೆ ಚಿಕ್ಕನಿಂಗಮ್ಮ ಬಚ್ಚಲಲ್ಲಿ ಕಾಲು ಚಾಚಿ, ಅದರ ಮೇಲೆ ಮೊಮ್ಮಗಳನ್ನು ಮಲಗಿಸಿಕೊಂಡಳು. ಬಕೆಟ್ಟಿನ ನೀರಲ್ಲಿ ಬೆರಳಾಡಿಸಿ, "ಸರ್ಯಾಗದೆ," ಎಂದು ಚೊಂಬಿನಲ್ಲಿ ನೀರು ಸುರಿದಳು. ಮಗು ಕಿಟಾರನೆ ಕಿರುಚಿತು. ಅದೇ ಗಳಿಗೆಯಲ್ಲಿ ಅವಳ ಕಾಲೂ ಚುರ್ರೆಂದಿತು.

"ಕೈ ಅದ್ದಿ ನೋಡ್ಬಾರ್ದಾ ಅವ್ವಾ!" ಪದ್ಮಿನಿ ಓಡಿಬಂದು ಮಗುವನ್ನು ಕಿತ್ತುಕೊಂಡಳು.

"ನೋಡ್ದೆ ಕಣವ್ವ. ಬಿಸಿನೇ ಇರ್ನಿಲ್ಲ."

ಮಗುವಿನ ತೊಡೆ ಕೆಂಪಾಗಿತ್ತು. ನರ್ಸು ಮುಲಾಮು ಕೊಟ್ಟು, ವಾಸಿಯಾಗುತ್ತದೆ ಎಂದರು. ಆಮೇಲೆ ಮಗುವಿಗೆ ನೀರು ಹಾಕಲು ಪಕ್ಕದ ಮನೆಯ ಬಸವಮ್ಮ ಬರತೊಡಗಿದಳು. ಚಿಕ್ಕನಿಂಗಮ್ಮ ಮೊಮ್ಮಗಳನ್ನು ಮುಟ್ಟುವುದಕ್ಕೂ ಹೆದರಿ ಜಗಲಿಯಲ್ಲೇ ಕೂರುತ್ತಿದ್ದಳು.

ಒಂದು ಸಂಜೆ ಪದ್ಮಿನಿ ಬಂದು ಪಕ್ಕದಲ್ಲಿ ಕೂತಳು. "ಕಣ್ ಮುಚ್ಚವ್ವ," ಎಂದು ತಾಯಿಯ ಬೆರಳ ತುದಿಗೆ ಏನನ್ನೋ ಮುಟ್ಟಿಸಿದಳು. "ಏನಿದು, ಯೋಳು?"

ಚಿಕ್ಕನಿಂಗಮ್ಮ ಬೆರಳಾಡಿಸಿ ನೋಡಿದಳು. "ಬಟ್ಟೆನಾ?"

ಕಣ್ಣು ಬಿಟ್ಟರೆ ಮೊಮ್ಮಗಳ ಕೆನ್ನೆ.

ತಾಯಿ ಮಗಳು ಇಬ್ಬರೂ ಅತ್ತರು. ಕಾರ್ಖಾನೆಗೆ ಹೋಗಬೇಡ ಎಂಬ ಮಾತು ಚಿಕ್ಕನಿಂಗಮ್ಮನ ಬಾಯಿತನಕ ಬಂತು. ಆದರೆ ಅಳಿಯನಿಗೆ ಕೂಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಬೇಡ ಎಂದರೆ ಮನೆ ನಡೆಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು.

"ಕೆಲ್ಸಕ್ ಸೇರ್ಕಂಡ್ ಮ್ಯಾಲೆ, ಮಗೀನ ನೀರ್ಗೆ ಮೊಣಕೈ ಅದ್ದಿ ನೋಡವ್ವ," ಎಂದಳು. "ಬೆರಳ ನಂಬ್ಯಾಡ."