ಮೂಗು ಹಿಡಿದು ಕಪಾಳಕ್ಕೆ

ಶಿಗ್ಗಾವಿಯ ಮಗನ ಮನೆಯಲ್ಲಿ ನನ್ನ ಮಾತನ್ನು ಕೊನೆತನಕ ಕೇಳುವ ಜೀವ ಒಂದೇ, ನಾಲ್ಕನೇ ತರಗತಿಯ ಮೊಮ್ಮಗಳು. ಮಗ ಅರ್ಧಕ್ಕೇ ಮೊಬೈಲ್ ತೆಗೆಯುತ್ತಾನೆ, ಸೊಸೆಗೆ ಕುಕ್ಕರಿನ ಸೀಟಿಯ ನೆಪ. ಮೊಮ್ಮಗಳೂ ಕೈಬಿಟ್ಟರೆ ನಾನು ಆ ಮನೆಯ ಗೋಡೆಗೆ ನೇತುಹಾಕಿದ ಹೋದ ವರ್ಷದ ಕ್ಯಾಲೆಂಡರು. ಅದಕ್ಕೇ, ಶಾಲೆಯ ಅಜ್ಜ-ಅಜ್ಜಿಯರ ದಿನಕ್ಕೆ ಹಿರೇಕೆರೂರಿನ ತನ್ನ ತಾಯಿಯ ತಾಯಿಯನ್ನು ಬಿಟ್ಟು ಅವಳು ನನ್ನನ್ನೇ ಕರೆದಾಗ ಹಿಗ್ಗಿಹೋದೆ. ಬೀಗಿತ್ತಿಗೆ ಸುದ್ದಿ ಮುಟ್ಟುವಂತೆಯೂ ನೋಡಿಕೊಂಡೆ.

ತರಗತಿ ನೋಡಿ ಹೊಟ್ಟೆ ಉರಿಯಿತು. ಮುಖ ಕಾಣುವಷ್ಟು ನುಣ್ಣಗಿನ ಟೈಲ್ಸು, ದೊಡ್ಡ ಟೀವಿಯಂಥ ಹಲಗೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಕುರ್ಚಿ. ಹಾನಗಲ್ ಕಡೆಯ ನಮ್ಮ ಹಳ್ಳಿಯ ಸಾಲಿಯಲ್ಲಿ ಶನಿವಾರ ನೆಲಕ್ಕೆ ಸಗಣಿ ಸಾರಿಸುವವರೂ ನಾವೇ, ಇದ್ದಿಲು ಅರೆದು ಹಲಗೆಗೆ ಬಳಿಯುವವರೂ ನಾವೇ. ಇಲ್ಲಿ ಒಬ್ಬ ಹುಡುಗನ ಬೆರಳಿಗೆ ಬಣ್ಣ ಹತ್ತಿತೆಂದು ಮಿಸ್ ಒದ್ದೆ ಕಾಗದದಿಂದ ಒರೆಸುತ್ತಿದ್ದಳು. ಇವುಗಳಿಗೆ ವಿದ್ಯೆ ಹತ್ತಿದ ಹಾಗೇ ಅಂದುಕೊಂಡೆ.

"ನಿಮ್ಮ ಸಾಲಿ ಸುದ್ದಿ ಹೇಳ್ರಿ ಅಜ್ಜಿ," ಅಂದಳು ಮಿಸ್.

ಹೇಳಿದೆ. ಮಾಸ್ತರರು ಸಾಲಾಗಿ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. ಉತ್ತರ ಬಾರದವರ ಮೂಗನ್ನು ಉತ್ತರ ಬಂದವರು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಕಪಾಳಕ್ಕೆ ಬಾರಿಸಬೇಕು. ಅಕ್ಕ, ತಮ್ಮ, ಗೆಳತಿ ಎಂಬ ದಾಕ್ಷಿಣ್ಯವಿಲ್ಲ. ಮೆಲ್ಲಗೆ ಮುಟ್ಟಿಸಿದರೆ "ಹಿಂಗಲ್ಲ, ಹಿಂಗ" ಎಂದು ಮಾಸ್ತರರು ಹೊಡೆದವರ ಕಪಾಳದ ಮೇಲೇ ಹೊಡೆದು ತೋರಿಸುತ್ತಿದ್ದರು. ನಾನು ಜಾಣೆ, ಸದಾ ಹೊಡೆಯುವ ಕಡೆಯವಳು. ನನ್ನ ಕೈಗೆ ಊರಲ್ಲೇ ಹೆಸರಿತ್ತು ಅಂತ ಕೈಯೆತ್ತಿ ತೋರಿಸಿದೆ. ಅದರ ಬಗ್ಗೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ, ಇವತ್ತಿಗೂ.

ಮಕ್ಕಳು ಹೆದರುತ್ತಾರೆ ಅಂದುಕೊಂಡಿದ್ದೆ. ಅವುಗಳ ಕಣ್ಣು ಮಿಂಚಿದವು.

"ಹಂಗಾರ ನಿಮಗೂ ಒಂದು ಪ್ರಶ್ನೆ ಕೇಳೂಣೇನ್ರಿ?" ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು.

"ಕೇಳವ್ವಾ, ಅದಕ್ಕೇನಾತು."

"ಗ್ರಹ ಎಷ್ಟ ಅದಾವ್ರಿ?"

ಇಷ್ಟೇನಾ ಅನಿಸಿತು. ಬುಧನಿಂದ ಹಿಡಿದು ಪ್ಲೂಟೋವರೆಗೆ ಒಂದೇ ಉಸಿರಿಗೆ ಒಪ್ಪಿಸಿ, "ಒಂಬತ್ತು" ಅಂದೆ.

ತರಗತಿ ಗೊಳ್ಳೆಂದು ನಕ್ಕಿತು. "ಎಂಟ ಅಜ್ಜಿ, ಎಂಟ!"

"ಪ್ಲೂಟೋನ ತಗದು ಭಾಳ ವರ್ಷ ಆತ್ರಿ," ಅಂದಳು ಮಿಸ್, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ನನ್ನನ್ನು ಒಂದು ಮಾತೂ ಕೇಳದೆ ತೆಗೆದುಹಾಕಿದ್ದರು. ಈ ಒಂಬತ್ತಕ್ಕಾಗಿ ಎಷ್ಟು ಜನರ ಕಪಾಳ ಕೆಂಪಗೆ ಮಾಡಿದ್ದೆನೋ! ಮೊಣಕಾಲು ಹಿಡಿದಾಗಲೂ ಅನಿಸಿರಲಿಲ್ಲ, ಆಗ ಅನಿಸಿತು, ನಾನು ಮುದುಕಿಯಾಗಿದ್ದೇನೆ.

"ಮೂಗ ಹಿಡೀಬೇಕು!" ಯಾರೋ ಕೂಗಿದರು. ಎಲ್ಲರೂ ನಾನು ನಾನು ಎಂದು ಕೈಯೆತ್ತಿದರು. ಮಿಸ್ ನಗುತ್ತ ವಿಡಿಯೋ ತೆಗೆಯಲು ಮೊಬೈಲ್ ಹಿಡಿದಳು. "ಬ್ಯಾರೇದವ್ರು ಬ್ಯಾಡ, ಮೊಮ್ಮಗಳೇ ಹೊಡೀಲಿ."

ನಾನೂ ಆಟಕ್ಕೆಂಬಂತೆ ಬಗ್ಗಿದೆ. ಇವಳು ಹೊಡೆಯುವುದಿಲ್ಲ, ಬಂದು ಕುತ್ತಿಗೆಗೆ ಜೋತುಬೀಳುತ್ತಾಳೆ ಎಂಬ ಧೈರ್ಯ.

ಬಂದಳು. ಮೂಗು ಹಿಡಿದಳು. ಕೆನ್ನೆಗೆ ಬೆರಳ ತುದಿ ಮುಟ್ಟಿಸಿದಳು, ಅಷ್ಟೇ. ನನ್ನ ಜೀವ ತಣ್ಣಗಾಯಿತು.

"ಮೆಲ್ಲಕ ಹೊಡದ್ಲು! ಈಗ ಇಕಿಗೇ ಹೊಡೀಬೇಕು!" ಮಕ್ಕಳು ನಾನು ಹೇಳಿಕೊಟ್ಟ ಕಾನೂನನ್ನೇ ಕೂಗತೊಡಗಿದರು. ಅವಳು ತಿರುಗಿ ಅವರನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

ನನ್ನ ಕಪಾಳ ಛಟೀರೆಂದಿತು. ಕನ್ನಡಕ ಹಾರಿ ಟೈಲ್ಸಿನ ಮೇಲೆ ಜಾರುತ್ತ ಹೋಯಿತು. ಎಂಥ ಚಪ್ಪಾಳೆ! ನಾನೂ ಹಲ್ಲು ಕಿರಿದೆ, ವಿಡಿಯೋ ನಡೆದಿತ್ತಲ್ಲ.

ಮನೆಗೆ ನಡೆಯುವಾಗ ನನ್ನ ಬೆರಳು ಹಿಡಿದು ಕೇಳಿದಳು, "ಜೋರ ಹತ್ತಿತೇನಜ್ಜಿ?"

ಕೆನ್ನೆ ಇನ್ನೂ ಚುರುಗುಟ್ಟುತ್ತಿತ್ತು. ಮಗು ನೊಂದುಕೊಂಡೀತು ಎಂದು, "ಇಲ್ಲವ್ವಾ, ಏನೂ ಆಗಲಿಲ್ಲ" ಅಂದೆ.

ಅವಳ ಮುಖ ಸಪ್ಪಗಾಯಿತು. "ಮನ್ಯಾಗ ಇನ್ನೊಂದ ಪ್ರಶ್ನೆ ಕೇಳ್ತೇನಿ, ತಡೀ" ಅಂದಳು. ಆಮೇಲೆ ನನ್ನ ಬೆರಳು ಬಿಟ್ಟು, ನನಗೆ ಬಾರದಂಥದ್ದೊಂದನ್ನು ಹುಡುಕುತ್ತ ಮುಂದೆ ಮುಂದೆ ನಡೆದಳು.